ಬಾಕ್ಸಿನ ಲೆಕ್ಕವಿದೆ, ತಟ್ಟೆಯ ಲೆಕ್ಕವಿಲ್ಲ: ಕೋಲಾರ ಜಿಲ್ಲೆಯ ಗ್ರಾಮ ಪಂಚಾಯಿತಿಗಳಿಗೆ ಬಹಿರಂಗ ಪತ್ರ

ಕೋಲಾರ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರೇ, ಸದಸ್ಯರೇ, ಅಭಿವೃದ್ಧಿ ಅಧಿಕಾರಿಗಳೇ, ಚುನಾಯಿತರಿಲ್ಲದ ಕಡೆ ಅಧಿಕಾರ ವಹಿಸಿಕೊಂಡಿರುವ ಆಡಳಿತಾಧಿಕಾರಿಗಳೇ,

ಮುಂದಿನ ಸಾಲಿನ ‘ನಮ್ಮ ಗ್ರಾಮ ನಮ್ಮ ಯೋಜನೆ’ಯ, ಎಂದರೆ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯ ಕಡತ ಬಿಚ್ಚುವ ಮೊದಲು ನಿಮ್ಮ ವ್ಯಾಪ್ತಿಯ ಊರುಗಳಲ್ಲಿ ಊಟದ ಲೆಕ್ಕವನ್ನು ಹಾಕಿಸಿ ಎಂದು ಕೇಳುವುದಕ್ಕೆ ಈ ಪತ್ರ. ಊರಿನಲ್ಲಿ ಏನು ಬೆಳೆಯುತ್ತದೆ, ಬೆಳೆದದ್ದು ಎಲ್ಲಿಗೆ ಹೋಗುತ್ತದೆ, ಉಣ್ಣುವುದು ಎಲ್ಲಿಂದ ಬರುತ್ತದೆ, ಯಾವ ಮನೆಗೆ ಯಾವ ತಿಂಗಳಲ್ಲಿ ಯಾವುದು ಸಾಲದೆ ಹೋಗುತ್ತದೆ ಎಂಬಷ್ಟು ತಿಳಿದರೆ ಸಾಕು. ಒಂದು ಬೀದಿಯ ಚರಂಡಿಗೆ ಆಗುವಷ್ಟು ಹಣವೂ ಇದಕ್ಕೆ ಬೇಡ. ಹಾಗಿದ್ದೂ ಚರಂಡಿ ಪ್ರತಿ ವರ್ಷ ಯೋಜನೆಯಲ್ಲಿ ಬರುತ್ತದೆ, ಇದು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಲೆಕ್ಕಕ್ಕೇನೂ ಬರವಿಲ್ಲ. ಯಾರ ಕೊಳವೆಬಾವಿ ಎಷ್ಟು ಅಡಿಗೆ ಹೋಯಿತೆಂದು ಹೋಟೆಲಿನಲ್ಲಿ ಕುಳಿತವರು ಹೇಳುತ್ತಾರೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿದೆ. ಡೇರಿಗೆ ಹಾಕಿದ ಹಾಲಿನ ಫ್ಯಾಟ್ ಎಷ್ಟೆಂದು ಬೆಳಿಗ್ಗೆ ಏಳಕ್ಕೇ ಚೀಟಿ ಸಿಗುತ್ತದೆ. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸಿನ ಧಾರಣೆ ಎಷ್ಟೆಂಬುದು ಹರಾಜು ಮುಗಿಯುವ ಮೊದಲೇ ಎಲ್ಲರ ಮೊಬೈಲಿಗೆ ಬಂದಿರುತ್ತದೆ. 2023ರ ಜುಲೈನಲ್ಲಿ ಆ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ದೇಶವೆಲ್ಲ ಕೋಲಾರದ ಕಡೆ ನೋಡಿತು. ಅದೇ ಬಾಕ್ಸಿಗೆ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ನಾವು ಕಂಡಿದ್ದೇವೆ. ಎರಡೂ ಕಾಲದಲ್ಲಿ ಟೊಮೆಟೊ ಕೀಳಲು ಹೋದ ಹೆಂಗಸಿನ ಮನೆಯಲ್ಲಿ ಆ ರಾತ್ರಿ ಸಾರಿಗೆ ಏನು ಬಿತ್ತು ಎಂದು ಕೇಳಿದರೆ ಮಾತ್ರ ಯಾವ ಆ್ಯಪ್‌ನಲ್ಲೂ ಉತ್ತರವಿಲ್ಲ. ಬೆಲೆ ಏರಿದಾಗ ಅವಳು ಕಾಲು ಕೆ.ಜಿ. ಕೊಂಡಳು. ಇಳಿದಾಗ ಟೊಮೆಟೊ ಪುಕ್ಕಟೆ ಸಿಕ್ಕಿತು, ಕೂಲಿ ಸಿಗಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಇದು ರಾಜ್ಯದ ಸರಾಸರಿ. ಸರಾಸರಿಯನ್ನು ಇಟ್ಟುಕೊಂಡು ಯಾವ ಬೀದಿಗೂ ಯೋಜನೆ ಮಾಡಲಾಗದು. ನಿಮ್ಮ ಪಂಚಾಯಿತಿಯ ಅಂಗನವಾಡಿ ಕಾರ್ಯಕರ್ತೆ ಪ್ರತಿ ತಿಂಗಳೂ ಮಕ್ಕಳ ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್‌ಗೆ ಏರಿಸುತ್ತಾರೆ. ಏರಿದ ಅಂಕಿ ದೆಹಲಿಯವರೆಗೆ ಹೋಗುತ್ತದೆ. ಅದೇ ಅಂಕಿಯನ್ನು ಗ್ರಾಮಸಭೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ನಾನು ಕೇಳಿಲ್ಲ.

ಇಂಥ ಮಾತೆತ್ತಿದರೆ ಬರುವ ಮೊದಲ ಉತ್ತರ, ‘ಎಲ್ಲರಿಗೂ ಅಕ್ಕಿ ಕೊಡುತ್ತಿದ್ದೇವಲ್ಲ ಮೇಷ್ಟ್ರೇ!’ ಕೊಡುತ್ತಿದ್ದೀರಿ, ನಿಜ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ ಐದು ಕೆ.ಜಿ. ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಅದೇ ವರ್ಷ ಅನ್ನಭಾಗ್ಯವೂ ಬಂತು. ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು ಎಂದು ಹೊಟ್ಟೆ ತುಂಬಿದವರು ಆಡುವ ಮಾತಿಗೆ ನನ್ನಲ್ಲಿ ಬೆಲೆಯಿಲ್ಲ. ಸಾಲ ತಂದು ಗಂಜಿ ಕಾಯಿಸುವ ಗತಿ ಎಷ್ಟೋ ಮನೆಗಳಿಗೆ ತಪ್ಪಿದ್ದು ಆ ಅಕ್ಕಿಯಿಂದ. ಆದರೆ ಅಕ್ಕಿ ಬಂತೆಂದ ಮೇಲೆ ಊಟದ ಪ್ರಶ್ನೆಯೇ ಮುಗಿಯಿತು ಎಂದು ಆಡಳಿತ ಕೈ ತೊಳೆದುಕೊಂಡಿದೆ, ನನ್ನ ತಕರಾರು ಅಲ್ಲಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯನ್ನು ನೋಡಿ. ಒಬ್ಬರ ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು, ಮೊಟ್ಟೆ, ಮಾಂಸ ಸೇರಿ 85 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಹಣ್ಣು 100 ಗ್ರಾಂ. ಅನ್ನಕ್ಕಿಂತ ಸೊಪ್ಪು ತರಕಾರಿ ಹೆಚ್ಚು! ನಾಲ್ಕು ಜನರ ಮನೆಗೆ ದಿನಕ್ಕೆ ಒಂದು ಕೆ.ಜಿ. ಆರುನೂರು ಗ್ರಾಂ ತರಕಾರಿ, ಒಂದೂಕಾಲು ಲೀಟರಿಗೆ ತುಸು ಕಡಿಮೆ ಹಾಲು. ಎರಡು ಹಸು ಕಟ್ಟಿದ ಮನೆಯಲ್ಲೂ ಹಾಲೆಲ್ಲ ಕ್ಯಾನಿಗೆ ಹೋಗಿ ಟೀಗೆ ಒಂದು ಲೋಟ ಉಳಿಯುವುದು ನಮ್ಮ ಕಡೆ ಹೊಸ ಸಂಗತಿಯಲ್ಲ. ಹಸು ಇದೆ ಎಂದು ಬರೆದುಕೊಂಡು ಹೋಗುವ ಸಮೀಕ್ಷೆಗೆ ಆ ಲೋಟ ಕಾಣುವುದಿಲ್ಲ.

ನಮ್ಮ ಹೊಲದಲ್ಲಿ ಏನಿತ್ತು, ಏನು ಹೋಯಿತು ಎಂಬುದರಿಂದಲೇ ಈ ಲೆಕ್ಕ ಶುರುವಾಗಬೇಕೆಂದು ನನ್ನ ಆಸೆ. ರಾಗಿ ಹೊಲವೆಂದರೆ ಬರಿಯ ರಾಗಿಯ ಹೊಲವಾಗಿರಲಿಲ್ಲ. ಕೂರಿಗೆಯ ಹಿಂದೆ ಬೀಜ ಬಿಡುವ ಕೊಳವೆಯಾದ ಸಡ್ಡೆ ಹಿಡಿದು ಬರುತ್ತಿದ್ದ ಹೆಂಗಸು ಇಷ್ಟು ಸಾಲಿಗೊಂದರಂತೆ ಅಕ್ಕಡಿ, ಎಂದರೆ ರಾಗಿಯ ನಡುವೆ ಬೇರೆ ಬೆಳೆಯ ಸಾಲು, ಬಿಡುತ್ತಿದ್ದಳು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ನಡುನಡುವೆ ಸಾಸಿವೆ, ಹೊಲದ ಅಂಚಿಗೆ ಹರಳು, ಜೋಳ. ಮಳೆ ಕೈಕೊಟ್ಟು ರಾಗಿ ಹೋದ ವರ್ಷವೂ ಇವುಗಳಲ್ಲಿ ಎರಡಾದರೂ ನಿಲ್ಲುತ್ತಿದ್ದವು. ಅಲಸಂದೆ ಮೊದಲು ಕೈಗೆ ಬರುತ್ತಿತ್ತು, ಕಾರ್ತಿಕ ಕಳೆದು ರಾಗಿ, ಧನುರ್ಮಾಸದ ಚಳಿಗೆ ಅವರೆ, ಆಮೇಲೆ ತೊಗರಿ. ಮನೆಯ ಬೇಳೆಕಾಳು, ಒಗ್ಗರಣೆಯ ಸಾಸಿವೆ, ಚಟ್ನಿಪುಡಿಯ ಹುಚ್ಚೆಳ್ಳು, ದನದ ಮೇವು ಎಲ್ಲ ಒಂದೇ ಹೊಲದಿಂದ. ಈಗ ಕೊಯ್ಲು ಯಂತ್ರ ಹೊಲಕ್ಕಿಳಿಯಬೇಕಾದರೆ ನಡುವೆ ಅಕ್ಕಡಿ ಇರಬಾರದು. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲೂ ಕೇಳುವುದು ರಾಗಿಯೊಂದನ್ನೇ. ಬೆಂಬಲ ಬೆಲೆ 2025–26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ. ಅದು ರೈತನಿಗೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಡಿ ಹೋದ ಮೇಲೆ ಆ ಮನೆ ಬೇಳೆಯನ್ನು ಅಂಗಡಿಯಲ್ಲಿ ಎಷ್ಟು ಕೊಟ್ಟು ತರುತ್ತಿದೆ, ಅಥವಾ ತರುವುದನ್ನೇ ಬಿಟ್ಟಿದೆಯೇ ಎಂದು ನೋಡಿದವರಿಲ್ಲ. ಪಹಣಿಯಲ್ಲಿ ‘ರಾಗಿ’ ಎಂದಷ್ಟೇ ಇರುತ್ತದೆ. ಅಂದೂ ಹಾಗೆಯೇ ಇತ್ತು, ಇಂದೂ ಹಾಗೆಯೇ ಇದೆ. ದಾಖಲೆಯ ಪ್ರಕಾರ ಏನೂ ಬದಲಾಗಿಲ್ಲ.

ಬಿತ್ತದೆ ಬರುತ್ತಿದ್ದ ಬೆರಕೆ ಸೊಪ್ಪಿನ ಕಥೆಯೂ ಇದೇ. ಅಣ್ಣೆ, ಹೊನಗೊನ್ನೆ, ಕನ್ನೆ, ಗಣಿಕೆ, ಗೋಣಿ, ಕೀರೆ. ಮಳೆ ಬಿದ್ದ ಹದಿನೈದು ದಿನಕ್ಕೆ ರಾಗಿ ಹೊಲದಲ್ಲಿ ಕಳೆ ತೆಗೆಯಲು ಹೋದವರು ಮಡಿಲ ತುಂಬ ಇವನ್ನು ಕಿತ್ತು ತರುತ್ತಿದ್ದರು, ಸಂಜೆಗೆ ಮಸ್ಸೊಪ್ಪೋ ಬಸ್ಸಾರೋ ಆಗುತ್ತಿತ್ತು. ಹೊಲ ಯಾರದೇ ಇರಲಿ, ಸೊಪ್ಪು ಕೀಳಬೇಡಿ ಎಂದವರಿಲ್ಲ. ಭೂಮಿ ಇಲ್ಲದವರ ತಟ್ಟೆಗೆ ಹಸಿರು ಬರುತ್ತಿದ್ದುದು ಈ ದಾರಿಯಿಂದ. ಕಳೆನಾಶಕ ಹೊಡೆದ ಹೊಲದಲ್ಲಿ ಅದಿಲ್ಲ, ಇದ್ದರೂ ಕೀಳಲು ಕೈ ಬಾರದು. ಗೋಮಾಳ, ಗುಂಡುತೋಪು, ಕೆರೆಯಂಗಳ ಒತ್ತುವರಿಯಾದಷ್ಟೂ, ರಾಗಿ ಹೊಲಗಳು ನೀಲಗಿರಿಯ ಪಾಲಾದಷ್ಟೂ ಆ ದಾರಿ ಕಿರಿದಾಯಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆದೇಶಿಸಿದ್ದು 2017ರಲ್ಲಿ. ಅಷ್ಟರಲ್ಲಿ ಸೊಪ್ಪಿನ ಗುರುತು ಹಿಡಿಯುವ ಒಂದು ತಲೆಮಾರು ಮುದುಕಾಗಿತ್ತು. ನಿಮ್ಮ ಲೆಕ್ಕದಲ್ಲಿ ಇವೆಲ್ಲ ಬರಬೇಕಾದರೆ ಕೃಷಿ ಇಲಾಖೆಯ ಕಾಗದ ನೋಡಿ ಪ್ರಯೋಜನವಿಲ್ಲ. ಅರವತ್ತು ದಾಟಿದ ಹತ್ತು ಹೆಂಗಸರನ್ನು ಕರೆದುಕೊಂಡು ಒಂದು ಬೆಳಿಗ್ಗೆ ಹೊಲದ ಬದುವಿನ ಮೇಲೆ ನಡೆದು ಬನ್ನಿ. ಏನೇನು ಉಳಿದಿದೆ, ಎಲ್ಲಿ ಉಳಿದಿದೆ ಎಂದು ಅವರು ತೋರಿಸುತ್ತಾರೆ.

ಇನ್ನು ನಾನು ಕೆಲಸ ಮಾಡಿದ ಜಾಗದ, ಶಾಲೆಯ ವಿಷಯ. ಅಕ್ಷರ ದಾಸೋಹದ ಬಿಸಿಯೂಟಕ್ಕೆ ಅಕ್ಕಿ, ಬೇಳೆ, ಎಣ್ಣೆ ಸರಬರಾಜಾಗಿ ಬರುತ್ತವೆ, ತರಕಾರಿಯನ್ನು ಶಾಲೆಯೇ ಕೊಳ್ಳಬೇಕು. ನಿಯಮದ ಪ್ರಕಾರ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ. ನೂರು ಮಕ್ಕಳ ಶಾಲೆಯಾದರೆ ದಿನಕ್ಕೆ ಐದರಿಂದ ಏಳೂವರೆ ಕೆ.ಜಿ. ಒಂದು ಪಂಚಾಯಿತಿಯ ಶಾಲೆ, ಅಂಗನವಾಡಿ ಎಲ್ಲ ಸೇರಿಸಿ ನೋಡಿ, ವರ್ಷವಿಡೀ ತಪ್ಪದೆ ಕೊಳ್ಳುವ ಗಿರಾಕಿ ನಿಮ್ಮೂರಿನಲ್ಲೇ ಇದ್ದಾನೆ. ಟೊಮೆಟೊ ಮಂಡಿಯಂತೆ ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನ ಇನ್ನೊಂದು ಬೆಲೆ ಹೇಳುವ ಗಿರಾಕಿಯಲ್ಲ. ಆದರೂ ಸುತ್ತ ತರಕಾರಿ ಬೆಳೆಯುವ ಊರಿನ ಶಾಲೆಗೆ ಪಟ್ಟಣದ ಅಂಗಡಿಯಿಂದ ಮೂರು ದಿನದ ಹಿಂದಿನ ಸೌತೆಕಾಯಿ, ಆಲೂಗೆಡ್ಡೆ ಬೈಕಿನ ಮೇಲೆ ಬರುತ್ತದೆ. ಬಿಲ್ಲಿಗೆ ಸೀಲು ಬೇಕು, ರೈತನ ಬಳಿ ಸೀಲಿಲ್ಲ, ಅಷ್ಟೇ ಕಾರಣ. ಸ್ತ್ರೀಶಕ್ತಿ ಸಂಘವೊಂದರ ರಸೀದಿ ಪುಸ್ತಕಕ್ಕೆ ಮಾನ್ಯತೆ ಕೊಡಿಸುವುದು ಪಂಚಾಯಿತಿ ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಯಾರು ಎಷ್ಟು ಗುಂಟೆಯಲ್ಲಿ ಏನು ಬೆಳೆದರೆ ಈ ಬೇಡಿಕೆ ತೀರುತ್ತದೆ ಎಂಬ ಲೆಕ್ಕ ಮಾತ್ರ ಮುಂಚೆ ಬೇಕು.

ಲೆಕ್ಕ ಹಾಕಿದರೆ ಆಗದ್ದೂ ತಿಳಿಯುತ್ತದೆ, ಅದೂ ಲಾಭವೇ. 2024ರಿಂದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ನೂರು ಮಕ್ಕಳೂ ತಿಂದರೆ ವಾರಕ್ಕೆ ಆರುನೂರು. ನಮ್ಮೂರ ನಾಟಿ ಕೋಳಿಗಳಿಂದಲೇ ಪೂರೈಸುತ್ತೇವೆ ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಚಪ್ಪಾಳೆ ತಟ್ಟುವ ಮೊದಲು ಆ ಕೋಳಿ ತಿಂಗಳಿಗೆ ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ದಿನ ಕಾವಿಗೆ ಕೂರುತ್ತದೆ ಎಂದು ಕೇಳಿ. ಸ್ಥಳೀಯ ಎಂದ ಕೂಡಲೇ ಭಾವುಕರಾಗುವ ಚಟ ನಗರದಿಂದ ನಮಗೂ ಅಂಟಿದೆ. ಅಕ್ಕಿಯನ್ನು ಈ ಒಣ ಜಿಲ್ಲೆ ತಾನೇ ಬೆಳೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹೊರಗಿನಿಂದ ಬರಬೇಕಾದ್ದು ಬರಲಿ. ಯಾವುದು ಬರಬೇಕು, ಯಾವುದು ಇಲ್ಲೇ ಆಗುತ್ತದೆ ಎಂದು ಗೊತ್ತಿರಲಿ.

ಇದೆಲ್ಲ ಪಂಚಾಯಿತಿಯ ಕೆಲಸವೇ ಎಂದು ಕೇಳುವವರಿಗೆ: ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಕೃಷಿ ಮೊದಲನೆಯದು, ಪಶುಸಂಗೋಪನೆ, ಹೈನುಗಾರಿಕೆ, ಕೋಳಿ ಸಾಕಣೆ ನಾಲ್ಕನೆಯದು, ಸಂತೆ ಜಾತ್ರೆಗಳು ಇಪ್ಪತ್ತೆರಡನೆಯದು, ಸಾರ್ವಜನಿಕ ವಿತರಣಾ ವ್ಯವಸ್ಥೆ ಇಪ್ಪತ್ತೆಂಟನೆಯದು. ಆಹಾರ ಭದ್ರತಾ ಕಾಯ್ದೆಯ 28ನೇ ಕಲಂ ನ್ಯಾಯಬೆಲೆ ಅಂಗಡಿಗಳ ಸಾಮಾಜಿಕ ಪರಿಶೋಧನೆಯನ್ನು ಆಗಾಗ ನಡೆಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತದೆ. 29ನೇ ಕಲಂ ಅಂಗಡಿ ಮಟ್ಟದಲ್ಲೂ ಜಾಗೃತಿ ಸಮಿತಿ ಇರಬೇಕೆನ್ನುತ್ತದೆ. ನಿಮ್ಮ ಊರಿನ ಜಾಗೃತಿ ಸಮಿತಿಯಲ್ಲಿ ಯಾರಿದ್ದಾರೆ? ಸಮಿತಿಯ ಸದಸ್ಯರಿಗೇ ಅದು ಗೊತ್ತಿಲ್ಲದ ಊರುಗಳಿವೆ.

ಸಂತೆಯನ್ನು ಎಲ್ಲದಕ್ಕಿಂತ ಮೊದಲು ನೋಡಿ. ಸಂತೆ ಸುಂಕವನ್ನು ಹರಾಜು ಹಾಕಿ ಹಣ ಪಡೆಯುವಾಗ ಅದು ಪಂಚಾಯಿತಿಯದು, ನೆರಳು, ನೀರು, ಶೌಚಾಲಯ ಕೇಳಿದಾಗ ಯಾರದೂ ಅಲ್ಲ. ಒಂದು ಸಂತೆಯ ದಿನ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಇಬ್ಬರು ನೋಟ್‌ಬುಕ್ ಹಿಡಿದು ನಿಂತರೆ ಊರಿನ ಊಟದ ಅರ್ಧ ಕಥೆ ಗೊತ್ತಾಗುತ್ತದೆ. ಮಾರುವವರಲ್ಲಿ ಬೆಳೆದವರೆಷ್ಟು, ಮಂಡಿಯಿಂದ ತಂದವರೆಷ್ಟು? ಕೂಲಿಯಿಂದ ನೇರವಾಗಿ ಬರುವವರು ಸಂತೆಗೆ ಬರುವುದು ಐದೂವರೆಯ ಮೇಲೆ. ಬಾಡಿದ್ದನ್ನು, ಮುದುಡಿದ್ದನ್ನು ಗುಡ್ಡೆ ಹಾಕಿ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಎಂದು ಕೂಗುವ ಹೊತ್ತು ಅದು. ಬೆಳಿಗ್ಗೆಯ ಬೀನ್ಸ್ ಅವರಿಗೆ ಅಲ್ಲ. ಆ ಗುಡ್ಡೆಯಲ್ಲಿ ಏನಿತ್ತು, ಅದನ್ನು ಕೊಂಡವರು ಇನ್ನೇನನ್ನು ಕೇಳಿ ಬೆಲೆ ನೋಡಿ ಬಿಟ್ಟು ಹೋದರು ಎಂದು ಬರೆದುಕೊಳ್ಳಿ.

ಮನೆಗಳಲ್ಲಿ ಕೇಳುವ ಬಗೆ ಬೇರೆ. ‘ಊಟಕ್ಕೆ ತೊಂದರೆ ಇದೆಯೇ?’ ಎಂದು ಪಂಚಾಯಿತಿ ಸದಸ್ಯ ಬಾಗಿಲಲ್ಲಿ ನಿಂತು ಕೇಳಿದರೆ ಮರ್ಯಾದಸ್ಥರು ಯಾರೂ ಹೌದೆನ್ನುವುದಿಲ್ಲ. ‘ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ?’ ಎಂದು ಮನೆಯ ಹೆಂಗಸನ್ನು ಕೇಳಬೇಕು, ಅದೂ ಒಬ್ಬ ಹೆಂಗಸೇ ಕೇಳಬೇಕು. ಆಹಾರವನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ, ದಿನಕ್ಕೆ ಕನಿಷ್ಠ ಐದು ಗುಂಪಿನದು ಅವಳ ಹೊಟ್ಟೆಗೆ ಬಿತ್ತೇ ಎಂದು ನೋಡುವ ಸರಳ ಅಳತೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಳಸುತ್ತದೆ. ಅಂಗನವಾಡಿ ಕಾರ್ಯಕರ್ತೆ ಅರ್ಧ ದಿನದಲ್ಲಿ ಅದನ್ನು ಕಲಿಯಬಲ್ಲರು. ಆಷಾಢ, ಶ್ರಾವಣದಲ್ಲೊಮ್ಮೆ ಕೇಳಿ. ಹಳೆಯ ರಾಗಿ ಮುಗಿದು, ಹೊಸದು ಬಾರದ ತಿಂಗಳುಗಳು ಅವು. ಸುಗ್ಗಿ ಮುಗಿದ ಮೇಲೆ ಮತ್ತೊಮ್ಮೆ ಕೇಳಿ. ಕಾಲೊನಿಯವರನ್ನು ಅರಳಿಕಟ್ಟೆಗೆ ಕರೆಸಬೇಡಿ. ಅಲ್ಲಿ ಅವರು ಬಾಯಿ ಬಿಡುವುದಿಲ್ಲ ಎಂಬುದು ನಿಮಗೂ ಗೊತ್ತು, ಯಾಕೆಂಬುದೂ ಗೊತ್ತು. ನೀವು ಅವರ ಬೀದಿಗೆ ಹೋಗಿ. ಕುರಿ ಮಂದೆಯೊಂದಿಗೆ ತಿರುಗುವವರು, ಇಟ್ಟಿಗೆ ಗೂಡಿನವರು, ಬೇರೆ ರಾಜ್ಯದಿಂದ ಬಂದು ಮಂಡಿಯಲ್ಲಿ ಬಾಕ್ಸು ಹೊರುವವರು ನಿಮ್ಮ ಮತದಾರರಲ್ಲ, ಆದರೆ ಅವರೂ ಇಲ್ಲೇ ಉಣ್ಣುತ್ತಾರೆ. ಒಂದು ದೇಶ ಒಂದು ಪಡಿತರ ಚೀಟಿಯ ವ್ಯವಸ್ಥೆಯಲ್ಲಿ ಅವರಿಗೆ ಇಲ್ಲಿಯ ಅಂಗಡಿಯಲ್ಲೇ ಧಾನ್ಯ ಸಿಗಬೇಕು. ಸಿಗುತ್ತಿದೆಯೇ ಎಂದು ಹೋಗಿ ನೋಡಿ.

ಇದು ಕಾಗದದ ಮೇಲಿನ ಕನಸಲ್ಲ. ಪಕ್ಕದ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರ ಸಂಘಗಳು ತೊಂಬತ್ತರ ದಶಕದಲ್ಲೇ ಇಂಥ ಲೆಕ್ಕ ಹಾಕಿದವು. ಊರಿನಲ್ಲಿ ಹಸಿದವರು ಯಾರೆಂಬುದನ್ನು ಅಧಿಕಾರಿ ಹೇಳಲಿಲ್ಲ, ಊರಿನವರೇ ಕೂತು ತೀರ್ಮಾನಿಸಿದರು. ಬೀಳುಬಿದ್ದ ಭೂಮಿಯಲ್ಲಿ ಜೋಳ, ಸಿರಿಧಾನ್ಯ ಬೆಳೆದು ಊರಲ್ಲೇ ಕೂಡಿಟ್ಟು, ಆ ಮನೆಗಳಿಗೆ ಕಡಿಮೆ ಬೆಲೆಗೆ ಕೊಟ್ಟರು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ಕೇರಳವು 2021ರಲ್ಲಿ ಆರಂಭಿಸಿ, ಸ್ಥಳೀಯ ಸಂಸ್ಥೆಗಳ ಮೂಲಕವೇ ಆಹಾರ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕು ಅಳತೆಗಳಿಂದ 64,006 ಕಡುಬಡ ಕುಟುಂಬಗಳನ್ನು ಗುರುತಿಸಿ ಪ್ರತಿ ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಬರೆಯಿತು. ಕಡುಬಡತನ ನೀಗಿತೆಂಬ ಅಲ್ಲಿನ ಘೋಷಣೆಯ ಬಗ್ಗೆ ತಕರಾರುಗಳಿವೆ, ಇರಲಿ. ಒಂದು ಮನೆಗೆ ಔಷಧ ಬೇಕು, ಇನ್ನೊಂದಕ್ಕೆ ಬೇಯಿಸಿದ ಊಟವೇ ಬೇಕು ಎಂದು ಹೆಸರು ಹಿಡಿದು ಹೇಳಬಲ್ಲ ಪಂಚಾಯಿತಿ ನಮ್ಮಲ್ಲಿ ಎಷ್ಟಿವೆ?

ನನ್ನ ಭಯಗಳನ್ನೂ ಹೇಳಿಬಿಡುತ್ತೇನೆ. ಈ ಕೆಲಸವನ್ನು ಟ್ಯಾಬ್ ಹಿಡಿದು ಬರುವ ಖಾಸಗಿ ಏಜೆನ್ಸಿಗೆ ವಹಿಸಿದರೆ ಬಣ್ಣದ ಚಿತ್ರಗಳಿರುವ ವರದಿ ಬರುತ್ತದೆ, ಬೆಂಗಳೂರಿನ ಹೋಟೆಲಿನಲ್ಲಿ ಬಿಡುಗಡೆಯೂ ಆಗುತ್ತದೆ, ಊರಿಗೆ ಬರುವುದಿಲ್ಲ. ಆಶಾ, ಅಂಗನವಾಡಿಯವರ ಹೆಗಲಿಗೆ ಪುಕ್ಕಟೆಯಾಗಿ ಹೊರಿಸಿದರೆ ಅವರು ಮನೆಯಲ್ಲೇ ಕೂತು ತುಂಬಿಸುತ್ತಾರೆ, ಹಾಗೆ ತುಂಬಿಸಿದರೆ ನಾನು ಅವರನ್ನು ದೂರುವುದೂ ಇಲ್ಲ. ದಿನಕ್ಕೆ ಇಷ್ಟೆಂದು ಪಂಚಾಯಿತಿ ನಿಧಿಯಿಂದ ಕೊಡಿ. ಶಾಲೆಯ ಅಡುಗೆಯವರನ್ನೂ ಜೊತೆಗೆ ಕರೆದುಕೊಳ್ಳಿ, ಸೋಮವಾರ ಯಾವ ಮಗು ಎರಡು ಸಲ ಬಡಿಸಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತು. ಭಾನುವಾರ ಆ ಮನೆಯಲ್ಲಿ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಮನೆಗಳ ಹೆಸರು ನೋಟಿಸ್ ಬೋರ್ಡಿಗೆ ಬರಬಾರದು. ಇದರ ಆಧಾರದ ಮೇಲೆ ಯಾರ ಬಿಪಿಎಲ್ ಚೀಟಿಯನ್ನೂ ರದ್ದು ಮಾಡುವುದಿಲ್ಲ ಎಂದು ಮೊದಲೇ ಸಾರಿಸಿ, ಇಲ್ಲದಿದ್ದರೆ ನಿಜ ಹೇಳುವವರು ಸಿಗುವುದಿಲ್ಲ.

ಒಂದು ಷರತ್ತನ್ನು ಮಾತ್ರ ಬಿಡಬೇಡಿ. ಪ್ರಶ್ನಾವಳಿ ಬರೆಯುವಾಗ ಪ್ರತಿ ಪ್ರಶ್ನೆಯ ಎದುರು, ಅದರ ಉತ್ತರ ಹೀಗೆ ಬಂದರೆ ಪಂಚಾಯಿತಿ ಏನು ಮಾಡುತ್ತದೆ ಎಂದು ಬರೆಯಿರಿ. ಸೊಪ್ಪು ವಾರಕ್ಕೊಮ್ಮೆಯೂ ಸಿಗದ ಬೀದಿ ಇದ್ದರೆ ನರೇಗಾದಂಥ ಕಾಮಗಾರಿಯಲ್ಲಿ ಆ ಬೀದಿಯ ಬಚ್ಚಲು ನೀರಿಗೆ ಕೈತೋಟವೋ, ಗುಂಡುತೋಪಿನಲ್ಲಿ ನುಗ್ಗೆಯೋ? ಅಕ್ಕಡಿ ಬೀಜ ಸಿಗುತ್ತಿಲ್ಲವೆಂದು ಬಂದರೆ ಬೀಜ ಕೂಡಿಡಲು ಸಂಘಕ್ಕೆ ಒಂದು ಕೊಠಡಿಯೋ? ಉತ್ತರ ಏನೇ ಬಂದರೂ ಏನೂ ಮಾಡಲಾಗದ ಪ್ರಶ್ನೆಯಾದರೆ ಅದನ್ನು ಹೊಡೆದುಹಾಕಿ, ಜನರ ಹೊತ್ತು ಹಾಳು ಮಾಡಬೇಡಿ.

ಅಂಕಿಗಳನ್ನು ಕೂಡಿ ಕಳೆದು ಒಪ್ಪ ಮಾಡಿಕೊಡುವ ಕೆಲಸಕ್ಕೆ ನಾನು ಬರುತ್ತೇನೆ. ನನ್ನಂಥ ನಿವೃತ್ತ ಮೇಷ್ಟ್ರುಗಳು ಪ್ರತಿ ಹೋಬಳಿಯಲ್ಲೂ ಇದ್ದಾರೆ, ಕರೆದರೆ ಅವರೂ ಬರುತ್ತಾರೆ. ಟೀ ಮಾತ್ರ ಕೊಡಿಸಿ. ಲೆಕ್ಕ ಮುಗಿದ ಮೇಲೆ ಅದನ್ನು ಗ್ರಾಮಸಭೆಯಲ್ಲಿ ಓದಿ, ಆಮೇಲೆ ಯೋಜನೆಗೆ ಸಹಿ ಹಾಕಿ. ಬೇಡವೆಂದು ತೀರ್ಮಾನಿಸಿದರೆ ಯಾಕೆ ಬೇಡವಾಯಿತು, ಯಾರು ಬೇಡವೆಂದರು ಎಂಬುದನ್ನು ನಡಾವಳಿಯಲ್ಲಿ ಬರೆಸಿ. ಆ ಪುಟದ ಪ್ರತಿಗಾಗಿ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುತ್ತೇನೆ.

ಇಂತಿ,
ನಿವೃತ್ತ ಮುಖ್ಯ ಶಿಕ್ಷಕ,
ಮುಳಬಾಗಿಲು ತಾಲ್ಲೂಕು